ನಲವತ್ತಾರು ದಿನದ ಮರಿಗಳು

ನನ್ನ ಭಾವ ತೀರಿಕೊಂಡು ವಾರ ಕಳೆದಿರಲಿಲ್ಲ, ಅರಣ್ಯ ಇಲಾಖೆಯವರು ಅವರ ಫೋಟೋ ಹಾಕಿ ಒಂದು ಹಾಳೆ ಅಚ್ಚು ಮಾಡಿಸಿ ಮನೆಗೆ ತಂದುಕೊಟ್ಟರು. ‘ಒಂದು ಲಕ್ಷ ಕಡಲಾಮೆ ಮರಿಗಳನ್ನು ಸಮುದ್ರಕ್ಕೆ ಬಿಟ್ಟ ಮಹನೀಯರು’ ಎಂದು ಅದರಲ್ಲಿತ್ತು. ಅದು ಸುಳ್ಳಲ್ಲ. ಕೊಟ್ಟವರು ಫೋಟೋ ತೆಗೆಸಿಕೊಂಡು, ಚಹಾ ಕುಡಿದು, ಜೀಪು ಹತ್ತಿ ಹೋದರು. ಅಷ್ಟೇ ನಿಜವಾಗಿದ್ದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ದೋಣಿಯ ಎಂಜಿನ್ ರಿಪೇರಿ ಮಾಡುವವನು ನಾನು, ಬರೆಯುವುದು ನನ್ನ ಕಸುಬಲ್ಲ. ಆದರೆ ಆ ಹಾಳೆಯಲ್ಲಿಲ್ಲದ ಸಂಗತಿಯೊಂದು ಹೊಟ್ಟೆಯಲ್ಲಿ ಕೂತಿದೆ. ಅದನ್ನು ಭಾವ ಓದಿಯಾರು ಎಂಬ ಭಯ ಈಗ ಇಲ್ಲವಲ್ಲ.

ಊರಿನಲ್ಲಿ ಭಾವನನ್ನು ಕರೆಯುತ್ತಿದ್ದದ್ದು ಮೊಟ್ಟೆ ಮೇಷ್ಟ್ರು ಎಂದು. ಶಾಲೆಯ ಮೇಷ್ಟ್ರಲ್ಲ, ಏಳನೆಯ ಕ್ಲಾಸಿಗೇ ಶಾಲೆಗೆ ಕೈ ಮುಗಿದು ಬಂದವರು. ಆದರೆ ಯಾರಾದರೂ ಬಾಯಿ ತಪ್ಪಿ “ಆಮೆಗಳು ಹೇಗಿವೆ ಮೇಷ್ಟ್ರೇ?” ಎಂದು ಕೇಳಿದರೋ ಮುಗಿಯಿತು, ಕೇಳಿದವರ ಬಸ್ಸು ಹೋದರೂ ಭಾವನ ಪಾಠ ಮುಗಿಯುತ್ತಿರಲಿಲ್ಲ. ಅವರ ಕೆಲಸ ಆಮೆ ಹ್ಯಾಚರಿ ಕಾಯುವುದು. ಹ್ಯಾಚರಿ ಎಂದರೆ ದೊಡ್ಡ ಕಟ್ಟಡವೇನಲ್ಲ. ನೀರು ಏರಿ ಬರದಷ್ಟು ಎತ್ತರದಲ್ಲಿ, ತಂತಿ ಬಲೆ ಸುತ್ತಿದ ಒಂದು ಮರಳಿನ ಅಂಗಳ, ಪಕ್ಕದಲ್ಲಿ ತಗಡಿನ ಕೋಣೆ. ಆಮೆಗಳು ಕತ್ತಲಲ್ಲಿ ದಂಡೆಗೆ ಬಂದು, ಮರಳು ತೋಡಿ ಮೊಟ್ಟೆಯಿಟ್ಟು, ಮುಚ್ಚಿ ಹೋಗುತ್ತವೆ. ಬೆಳಕು ಹರಿಯುವ ಮುಂಚೆ ಭಾವ ಅವುಗಳ ಜಾಡು ಹಿಡಿದು ಹೋಗಿ, ನಾಯಿಗಳಿಗೂ ಮೊಟ್ಟೆ ಕಳ್ಳರಿಗೂ ಸಿಗುವ ಮೊದಲು ಗೂಡು ಅಗೆದು, ಮೊಟ್ಟೆಗಳನ್ನು ಬಕೆಟ್ಟಿನಲ್ಲಿ ತಂದು ಈ ಅಂಗಳದಲ್ಲಿ ಹೂಳುತ್ತಿದ್ದರು. ಮರಿ ಹೊರಬಂದಾಗ ನೀರಿಗೆ ಬಿಡುತ್ತಿದ್ದರು. ಮೂವತ್ತೊಂದು ವರ್ಷ ಮಾಡಿದ್ದು ಇದನ್ನೇ.

ಆಮೆಯ ಮೊಟ್ಟೆಯನ್ನು ಮಗುಚಬಾರದು. ಇದ್ದ ಹಾಗೆ ಎತ್ತಿ, ಎತ್ತಿದ ಹಾಗೆ ಇಡಬೇಕು. ತಲೆಕೆಳಗಾದರೆ ಒಳಗಿನ ಜೀವ ಉಳಿಯುವುದಿಲ್ಲ. ಗೂಡೊಂದಕ್ಕೆ ನೂರು, ನೂರಿಪ್ಪತ್ತು ಮೊಟ್ಟೆ. ಬಕೆಟ್ಟಿನ ತಳಕ್ಕೆ ಒದ್ದೆ ಮರಳು ಹಾಸಿ, ಒಂದೊಂದಾಗಿ ಜೋಡಿಸಿ, ಮಂಡಿ ಬಗ್ಗಿಸಿಕೊಂಡು ಭಾವ ನಡೆದು ಬರುತ್ತಿದ್ದ ನಡಿಗೆ ನೋಡಿ ಮೀನುಗಾರರು ಬಲೆ ಬಿಟ್ಟು ನಗುತ್ತಿದ್ದರು. ನಾನೂ ನಕ್ಕವನೇ. “ನಮ್ಮಕ್ಕನ ಕೈ ಹಿಡಿದಾಗಲೂ ಇಷ್ಟು ಹುಷಾರಾಗಿರ್ಲಿಲ್ಲ ನೀವು” ಎಂದು ಛೇಡಿಸಿದರೆ, “ನಿಮ್ಮಕ್ಕ ಬಿದ್ರೆ ಒಡೆಯೋಳಲ್ಲಯ್ಯ, ನೆಲ ಒಡೀಬೇಕು” ಎನ್ನುತ್ತಿದ್ದರು. ಒಳಗೆ ಅಕ್ಕ ಪಾತ್ರೆ ಕುಕ್ಕುವ ಸದ್ದು ಕೇಳುತ್ತಿತ್ತು. ಅವತ್ತು ಊಟಕ್ಕೆ ಉಪ್ಪು ಜಾಸ್ತಿ.

ಅಂಗಳದ ಮೂರು ಕಡೆ ಮೊದಲು ಗಾಳಿಮರಗಳಿದ್ದವು. ಅರ್ಧ ದಿನ ನೆರಳು. ಭಾವ ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ ಎರಡು ಗೂಡುಗಳಿಂದ ಮರಿಗಳೇ ಬರಲಿಲ್ಲ. ಅಗೆದು ನೋಡಿದರೆ ಮರದ ಬೇರುಗಳು ಮೊಟ್ಟೆಗಳನ್ನು ಸುತ್ತಿ ಹಿಂಡಿಬಿಟ್ಟಿದ್ದವು. ಒಡೆದು ಬಂದ ಕೆಲವು ಮರಿಗಳು ಬೇರಿನ ಜಾಲದಲ್ಲಿ ಸಿಕ್ಕಿ ಒಳಗೇ ಸತ್ತಿದ್ದವು. ಭಾವ ಎರಡು ದಿನ ಊಟಕ್ಕೆ ಸರಿಯಾಗಿ ಕೂರಲಿಲ್ಲ. ಮೂರನೆಯ ದಿನ ನನಗೆ ಹೇಳಿಕಳಿಸಿದರು. ಇಬ್ಬರು ಹಿಡಿದು ಎಳೆಯುವ ಗರಗಸ; ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು. ಹದಿನೇಳು ಮರ ಉರುಳಿಸಿದೆವು, ಬುಡ ಅಗೆದು ಬೇರು ಕಿತ್ತೆವು. ಇಲಾಖೆಯ ಸಾಹೇಬರು ಬಂದು, “ಈಗ ನೋಡಿ, ಎಷ್ಟು ಲಕ್ಷಣವಾಗಿದೆ” ಎಂದು ಭಾವನ ಬೆನ್ನು ತಟ್ಟಿದರು. ನಿಜಕ್ಕೂ ಲಕ್ಷಣವಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಅಂಗಳಕ್ಕೆ ಧಾರಾಳ ಬಿಸಿಲು.

ಆಮೇಲೆ ಒಂದು ಸೋಜಿಗ ನಡೆಯಿತು. ಮೊದಲೆಲ್ಲ ಐವತ್ತೈದು, ಐವತ್ತೆಂಟು ದಿನ ಹಿಡಿಯುತ್ತಿದ್ದ ಗೂಡುಗಳಿಂದ ನಲವತ್ತಾರೇ ದಿನಕ್ಕೆ ಮರಿಗಳು ಬರತೊಡಗಿದವು. “ಹತ್ತು ದಿನ ಮಿಕ್ತು ನೋಡಯ್ಯ! ಹತ್ತು ದಿನ ಏಡಿ ಕಾಟ ಇಲ್ಲ, ಇರುವೆ ಕಾಟ ಇಲ್ಲ” ಎಂದು ಭಾವ ಕುಣಿದಾಡಿದರು. ಅವರು ಪ್ರತಿ ಗೂಡಿನ ವಿವರವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು: ಹೂಳಿದ ದಿನ, ಮೊಟ್ಟೆ ಎಷ್ಟು, ಮರಿ ಎಷ್ಟು, ಎಷ್ಟು ದಿನಕ್ಕೆ ಬಂದವು. ಒಂದು ಗೂಡು ನಲವತ್ತನಾಲ್ಕನೆಯ ದಿನಕ್ಕೇ ಒಡೆದಾಗ ಅದನ್ನು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. ಸುದ್ದಿ ಹಬ್ಬಿ ಪಕ್ಕದ ದಂಡೆಗಳ ಹ್ಯಾಚರಿಯವರು ನೋಡಲು ಬಂದರು. ಅವರಿಗೆ ಅರ್ಥವಾಗದಿದ್ದರೆ ಎಂದು ಭಾವ ತಮ್ಮ ಕೈಯಿಂದಲೇ ಬಸ್ಸಿನ ಖರ್ಚು ಹಾಕಿಕೊಂಡು ಅಲ್ಲಿಗೆ ಹೋಗಿ, ಯಾವ ಮರ ಕಡಿಯಬೇಕು ಎಂದು ತೋರಿಸಿಕೊಟ್ಟು ಬಂದರು.

ಹದಿನೈದು ವರ್ಷ ಕಳೆದ ಮೇಲೆ ದಂಡೆಯಲ್ಲಿ ಗೂಡುಗಳೂ ಹೆಚ್ಚಿದವು. ಸೀಸನ್ನಿಗೆ ನಲವತ್ತು ಸಿಗುತ್ತಿದ್ದದ್ದು ಅರವತ್ತಾಯಿತು, ಎಂಬತ್ತಾಯಿತು. ಹೆಣ್ಣಾಮೆ ದೊಡ್ಡದಾದ ಮೇಲೆ ತಾನು ಹುಟ್ಟಿದ ಕಡೆಗೇ ಮೊಟ್ಟೆಯಿಡಲು ಬರುತ್ತದೆ. “ನಮ್ಮ ಹುಡುಗೀರು ತವರಿಗೆ ಬರ್ತಿದಾರೆ” ಎಂದು ಭಾವ ಊರೆಲ್ಲ ಹೇಳಿಕೊಂಡು ತಿರುಗಿದರು. ಗಂಡಾಮೆ ಮಾತ್ರ ದಂಡೆ ಹತ್ತುವುದೇ ಇಲ್ಲ, ಅದರ ಬದುಕೆಲ್ಲ ನೀರಿನಲ್ಲೇ. ಕಣ್ಣಿಗೆ ಬೀಳದ್ದರ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಕೆಟ್ಟದ್ದು ಶುರುವಾದದ್ದು ನಿಧಾನವಾಗಿ. ನೂರಕ್ಕೆ ಎಂಬತ್ತು ಮೊಟ್ಟೆ ಒಡೆಯುತ್ತಿದ್ದದ್ದು ಐವತ್ತಕ್ಕಿಳಿಯಿತು, ಮರುವರ್ಷ ಇಪ್ಪತ್ತಕ್ಕೆ. ಅದೇ ಹೊತ್ತಿಗೆ ಭಾವನ ಕೈ ನಡುಗಲು ಶುರುವಾಯಿತು. ಚಹಾದ ಕಪ್ಪು ಸಾಸರಿನ ಮೇಲೆ ಕಟಕಟ ಎನ್ನುತ್ತಿತ್ತು. ಅಕ್ಕ ಸದ್ದಿಲ್ಲದೆ ಸಾಸರು ಕೊಡುವುದನ್ನೇ ನಿಲ್ಲಿಸಿದಳು. ಭಾವ ಜನರೆದುರು ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಮಾತಾಡುತ್ತಿದ್ದರು. ಆದರೆ ಸಾಹೇಬರ ಕಣ್ಣಿಗೆ ಬೀಳದೆ ಹೋಗುತ್ತದೆಯೇ? “ನಿಮಗೂ ವಯಸ್ಸಾಯ್ತು. ಮೊಟ್ಟೆ ಮಗುಚ್ತಿದೀರ ಅನ್ಸುತ್ತೆ. ಈ ಸೀಸನ್ ನೋಡಿ ಬೇರೆಯವರನ್ನ ಹಾಕ್ತೀವಿ” ಎಂದು ಎಲ್ಲರೆದುರಿಗೇ ಅಂದುಬಿಟ್ಟರು. ಕೆಲಸ ಹೋಗುವುದು ಭಾವನಿಗೆ ದೊಡ್ಡದಾಗಿರಲಿಲ್ಲ. ಸಾವಿರಾರು ಮೊಟ್ಟೆಗಳನ್ನು ತಾನೇ, ತನ್ನ ಕೈಯಿಂದಲೇ ಕೊಂದೆನೇ ಎಂಬುದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ನನ್ನನ್ನು ಕರೆದು ಹಿತ್ತಿಲ ಕೋಣೆ ತೋರಿಸಿದಳು. ಬಕೆಟ್ಟಿನ ತುಂಬ ನಿಂಬೆಹಣ್ಣು. ಪ್ರತಿ ಹಣ್ಣಿನ ನೆತ್ತಿಗೂ ಪೆನ್ನಿನಲ್ಲಿ ಇಟ್ಟ ಒಂದೊಂದು ಚುಕ್ಕೆ. ಮನೆಯಲ್ಲಿ ಯಾರೂ ಇಲ್ಲದಾಗ ಭಾವ ನೆಲದ ಮೇಲೆ ಕೂತು, ಚುಕ್ಕೆ ಮೇಲೇ ಇರುವ ಹಾಗೆ ಅವನ್ನು ಎತ್ತಿ ಎತ್ತಿ ಇಡುವ ಅಭ್ಯಾಸ ಮಾಡುತ್ತಿದ್ದರಂತೆ. “ಅಷ್ಟೂ ಹಣ್ಣು ಒಣಗಿ ಹೋಯ್ತು ಕಣೋ” ಎಂದು ಅಕ್ಕ ಅತ್ತಳು. ಅವಳು ಅತ್ತದ್ದು ಹಣ್ಣಿಗಲ್ಲ ಎಂದು ತಿಳಿಯದಷ್ಟು ದಡ್ಡ ನಾನಲ್ಲ.

ಡಾಕ್ಟ್ರಮ್ಮ ಬಂದದ್ದು ಆ ಸೀಸನ್ನಿನಲ್ಲಿ. ವಿಶ್ವವಿದ್ಯಾಲಯದಿಂದ ಆಮೆಗಳ ಮೇಲೆ ಸಂಶೋಧನೆ ಮಾಡಲು ಬಂದ ಹುಡುಗಿ. ಡಾಕ್ಟರ್ ಆಗುವವರು ಎಂದು ಯಾರೋ ಹೇಳಿದ್ದೇ ತಡ, ಭಾವ ಮೊದಲ ದಿನವೇ ಪ್ಯಾಂಟು ಮಡಚಿ ಮಂಡಿನೋವು ತೋರಿಸಿದರು. “ನಾನು ಆಮೆ ಡಾಕ್ಟರೂ ಅಲ್ಲ ಸರ್, ಬರೀ ಥೀಸಿಸ್ ಬರೀತಿದೀನಿ” ಎಂದು ಆಕೆ ನಕ್ಕರೂ ಹೆಸರು ಅಂಟಿಕೊಂಡೇಬಿಟ್ಟಿತು. ಒಡೆಯದೆ ಉಳಿದ ಮುನ್ನೂರು ಮೊಟ್ಟೆಗಳನ್ನು ಆಕೆ ತಗಡಿನ ಕೋಣೆಯ ಮೇಜಿನ ಮೇಲೆ ಒಂದೊಂದಾಗಿ ಬಿಡಿಸಿ ನೋಡಿದರು. ಭಾವ ಬಾಗಿಲಲ್ಲೇ ನಿಂತಿದ್ದರು, ಜೇಬಿನಲ್ಲಿ ಕೈ ಇಟ್ಟುಕೊಂಡು. ಮೂರನೆಯ ದಿನ ಆಕೆ ಕೈ ತೊಳೆದುಕೊಂಡು ಬಂದು ಹೇಳಿದರು:

“ಇವು ನಿಮ್ಮ ಕೈಯಿಂದ ಹಾಳಾಗಿದ್ದಲ್ಲ ಸರ್. ಒಂದ್ರಲ್ಲೂ ಮರಿ ಕಟ್ಟೇ ಇಲ್ಲ. ಆಮೆ ಇಡೋವಾಗ್ಲೇ ಇವು ಬರಡು.”

ಭಾವ ಓಡಿಕೊಂಡು ನನ್ನ ವರ್ಕ್‌ಶಾಪಿಗೆ ಬಂದರು, ಆ ಮಂಡಿಯಲ್ಲಿ! “ನನ್ನ ಕೈಯಲ್ಲಂತೆ ಕಣಯ್ಯ!” ಎಂದು ಗ್ರೀಸು ಮೆತ್ತಿದ ನನ್ನ ಕೈ ಹಿಡಿದು ಕುಲುಕಿದರು. ಸಾಹೇಬರಿಗೆ ಫೋನ್ ಮಾಡಿ ಎರಡೆರಡು ಸಲ ಹೇಳಿದರು. ಅನುಮಾನ ಚೂರೂ ಉಳಿಯದಿರಲಿ ಎಂದು ಪೆಟ್ಟಿಗೆಯಲ್ಲಿದ್ದ ಮೂವತ್ತು ನೋಟ್‌ಬುಕ್ಕುಗಳನ್ನೂ ಹೊತ್ತು ತಂದು ಆಕೆಯ ಮೇಜಿನ ಮೇಲಿಟ್ಟರು. “ಎಲ್ಲಾ ನೋಡಿ ಡಾಕ್ಟ್ರಮ್ಮ. ಒಂದು ದಿನಾನೂ ಬಿಟ್ಟಿಲ್ಲ ನಾನು.”

ಬರಡು ಮೊಟ್ಟೆ ಯಾಕೆ ಎಂದು ತಿಳಿಯಲು ಕಡಲಿಗೇ ಹೋಗಬೇಕಿತ್ತು. ದೋಣಿ ನನ್ನದು. ಆಮೆಗಳು ಕೂಡುವ ಕಾಲ ಅದು, ದಂಡೆಯಿಂದ ಸ್ವಲ್ಪ ದೂರದಲ್ಲಿ ಅವು ಮೇಲೆ ತೇಲುತ್ತಿರುತ್ತವೆ. ಬಾಲ ಉದ್ದವಿದ್ದು ಚಿಪ್ಪಿನಿಂದಾಚೆ ಚಾಚಿಕೊಂಡಿದ್ದರೆ ಗಂಡು, ಗಿಡ್ಡವಿದ್ದರೆ ಹೆಣ್ಣು ಎಂದು ಆಕೆ ಹೇಳಿಕೊಟ್ಟರು. ಹತ್ತೊಂಬತ್ತು ದಿನ ಹೋದೆವು. ಇನ್ನೂರ ಎಂಟು ಆಮೆ ನೋಡಿದೆವು, ಇನ್ನೂರ ಎಂಟೂ ಗಿಡ್ಡ ಬಾಲದವು. ಹತ್ತನೆಯ ದಿನದ ಮೇಲೆ ನಾನು ತಮಾಷೆ ಮಾಡುವುದು ಬಿಟ್ಟೆ. ಎಂಜಿನ್ ನಿಲ್ಲಿಸಿದರೆ ಸುತ್ತಲೂ ಹೆಣ್ಣಾಮೆಗಳು ಸುಮ್ಮನೆ ತೇಲುತ್ತಿದ್ದವು. ಅವು ಯಾರನ್ನು ಕಾಯುತ್ತಿದ್ದವೋ ಅವರು ಬರುವ ಹಾಗಿರಲಿಲ್ಲ.

ವಾಪಸು ಬಂದ ಮೇಲೆ ಡಾಕ್ಟ್ರಮ್ಮ ಎರಡು ದಿನ ನೋಟ್‌ಬುಕ್ಕುಗಳನ್ನೇ ಓದಿದರು. ಸಂಜೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಕೇಳಿದರು.

“ನಾಲ್ಕು ವರ್ಷ ಐವತ್ತೈದು, ಐವತ್ತೆಂಟು ದಿನ ಅಂತಿದೆ. ಐದನೇ ವರ್ಷದಿಂದ ಎಲ್ಲಾ ನಲವತ್ತಾರು, ನಲವತ್ತೈದು. ಆ ವರ್ಷ ಏನಾಯ್ತು ಸರ್?”

“ಮರ ಕಡಿದ್ವಿ” ಎಂದರು ಭಾವ. ಎಷ್ಟು ಹೆಮ್ಮೆಯಿಂದ ಹೇಳಿದರು! “ಹದಿನೇಳು ಮರ. ನಾನು, ಇವನು. ಕೆಂಪು ಶಾಯೀಲಿ ಬರೆದಿರೋದು ನೋಡಿದ್ರಾ? ನಲವತ್ನಾಲ್ಕು! ಎಲ್ಲೂ ಆಗಿರ್ಲಿಲ್ಲ.”

ಆಕೆ ನೋಟ್‌ಬುಕ್ಕು ಮುಚ್ಚಿದರು. ಹೇಳದೆ ಹೋಗಬಹುದಿತ್ತು, ಹೇಳಿದರು. ಅದಕ್ಕೆ ನಾನು ಆಕೆಯನ್ನು ಬೈದದ್ದೂ ಉಂಟು, ಮೆಚ್ಚಿದ್ದೂ ಉಂಟು. ಆಮೆಯ ಮೊಟ್ಟೆಯೊಳಗಿನ ಮರಿ ಗಂಡೋ ಹೆಣ್ಣೋ ಎಂದು ನಿರ್ಧಾರವಾಗುವುದು ಮರಳಿನ ಬಿಸಿಯಿಂದ. ತಂಪಾಗಿದ್ದರೆ ಗಂಡು, ಕಾದಿದ್ದರೆ ಹೆಣ್ಣು. ಕಾದ ಮರಳಿನಲ್ಲಿ ಮರಿ ಬೇಗ ಬೆಳೆಯುತ್ತದೆ, ಬೇಗ ಹೊರಬರುತ್ತದೆ. ನಲವತ್ತಾರು ದಿನಕ್ಕೆ ಬಂದದ್ದೆಲ್ಲ ಹೆಣ್ಣೇ. ಮೊದಲಿನ ಕಾಲದ ಗಂಡುಗಳು ಇರುವವರೆಗೆ ಮೊಟ್ಟೆ ಫಲಿಸಿದವು. ಅವು ಮುದಿಯಾಗಿ ಒಂದೊಂದೇ ಸತ್ತವು, ಅವುಗಳ ಜಾಗಕ್ಕೆ ಬರಲು ಯಾರೂ ಹುಟ್ಟಿರಲಿಲ್ಲ.

“ಎಲ್ಲಾ ಹೆಣ್ಣೇ?” ಎಂದು ಭಾವ ಕೇಳಿದರು.

“ನೂರಕ್ಕೆ ತೊಂಬತ್ತೆಂಟು, ತೊಂಬತ್ತೊಂಬತ್ತು ಅನ್ಬೋದು.”

“ಪಕ್ಕದ ದಂಡೆಗಳಲ್ಲಿ?”

ಅಲ್ಲಿ ಮರ ಕಡಿಸಿದ್ದು ಯಾರೆಂದು ನಮಗೆ ಗೊತ್ತಿತ್ತು, ನೋಟ್‌ಬುಕ್ಕಿನಲ್ಲೂ ಇತ್ತು. ಭಾವ ಮಗುವಿನ ಹಾಗೆ ಕೇಳಿದರು: “ಹಾಗಾದ್ರೆ ನಾನು ಇಷ್ಟು ವರ್ಷ ಮನೇಲಿ ಮಲಗಿದ್ದಿದ್ರೆ? ನಾಯಿಗಳು ಅರ್ಧ ತಿಂದು ಅರ್ಧ ಬಿಟ್ಟಿದ್ರೂ, ಪೊದೆ ನೆರಳಲ್ಲಿದ್ದ ಗೂಡಿಂದ ನಾಲ್ಕು ಗಂಡಾದ್ರೂ ಬರ್ತಿತ್ತು ಅಲ್ವಾ?”

“ಆವಾಗ ನಿಮಗೆ ಯಾರೂ ಹೇಳಿರ್ಲಿಲ್ಲ ಸರ್” ಎಂದರು ಡಾಕ್ಟ್ರಮ್ಮ.

ಹೌದು, ಯಾರೂ ಹೇಳಿರಲಿಲ್ಲ. ಎಲ್ಲೋ ಯಾರೋ ಎಷ್ಟೋ ವರ್ಷದ ಹಿಂದೆಯೇ ಬರೆದಿಟ್ಟಿದ್ದರಂತೆ. ಬರೆದವರಿಗೆ ನಮ್ಮ ದಂಡೆ ಗೊತ್ತಿಲ್ಲ, ನಮಗೆ ಅವರ ಪುಸ್ತಕ ಗೊತ್ತಿಲ್ಲ, ನಡುವೆ ಜೀಪಿನಲ್ಲಿ ಓಡಾಡುವ ಸಾಹೇಬರಿಗೆ ಎರಡೂ ಬೇಕಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಹಾರಾಡಲಿ? ಗರಗಸದ ಇನ್ನೊಂದು ತುದಿಯಲ್ಲಿದ್ದವನು ನಾನು.

ವಿಷಯ ತಿಳಿದ ಮೇಲೆ ಸಾಹೇಬರು, “ಇದನ್ನ ಹೊರಗೆ ಹೇಳೋದು ಬೇಡ” ಎಂದಷ್ಟೇ ಹೇಳಿ, ಭಾವನನ್ನು ಇನ್ನೊಂದು ಸೀಸನ್ನಿಗೆ ಉಳಿಸಿಕೊಂಡರು. ನಾವು ಅಂಗಳದ ಮೇಲೆಲ್ಲ ಹಸಿರು ನೆರಳು ಬಲೆ ಕಟ್ಟಿದೆವು. ಹಗಲಿಗೆ ಎರಡು ಸಲ ಸುತ್ತಲಿನ ಮರಳಿಗೆ ನೀರು ಚಿಮುಕಿಸುವುದು, ಡಾಕ್ಟ್ರಮ್ಮ ಹೂತಿಟ್ಟ ಗುಂಡಿಯಷ್ಟು ಚಿಕ್ಕ ಥರ್ಮಾಮೀಟರು ಏನು ಹೇಳುತ್ತದೆ ಎಂದು ಬರೆದಿಡುವುದು. ಇನ್ನು ಬೇಕಾದದ್ದು ಒಂದೇ, ಜೀವ ಇರುವ ಮೊಟ್ಟೆ. ಎಲ್ಲೋ ಒಂದು ಮುದಿ ಗಂಡು ಇನ್ನೂ ಉಳಿದಿದ್ದು, ಯಾವುದಾದರೂ ಒಂದು ಹೆಣ್ಣಿಗೆ ಸಿಕ್ಕಿದ್ದರೆ, ಈಗ ಹುಟ್ಟುವ ಮರಿ ಗಂಡಾಗುತ್ತಿತ್ತು.

ಜೀವ ಇರುವ ಮೊಟ್ಟೆಯ ನೆತ್ತಿಯಲ್ಲಿ ಒಂದೆರಡು ದಿನದಲ್ಲಿ ಸುಣ್ಣ ಹಚ್ಚಿದಂಥ ಬಿಳಿ ಬೊಟ್ಟು ಮೂಡುತ್ತದೆ ಎಂದು ಡಾಕ್ಟ್ರಮ್ಮ ಹೇಳಿಕೊಟ್ಟಿದ್ದರು. ಭಾವ ಪ್ರತಿ ಗೂಡಿನ ಮೇಲಿನ ಮರಳು ಸರಿಸಿ, ಮೊಟ್ಟೆಗಳನ್ನು ಮುಟ್ಟದೆ, ಬೊಟ್ಟು ಹುಡುಕುತ್ತಿದ್ದರು. ಮೊದಲನೆಯ ಗೂಡಿನಲ್ಲಿ ಇಲ್ಲ. ಹತ್ತನೆಯದರಲ್ಲಿ ಇಲ್ಲ. ಇಪ್ಪತ್ತು ಗೂಡು ಕಳೆದರೂ ಇಲ್ಲ. ನೂರಿಪ್ಪತ್ತು ಮೊಟ್ಟೆ ಹೊತ್ತು, ಅಷ್ಟು ದೂರ ಈಜಿ, ಮೈಯೆಲ್ಲ ಮರಳು ಮಾಡಿಕೊಂಡು ತೋಡಿ ಮುಚ್ಚಿ ಹೋಗುತ್ತಿದ್ದ ಆ ಹೆಣ್ಣುಗಳನ್ನು ಕಂಡರೆ ನನಗೆ ಅಳು ಬರುತ್ತಿತ್ತು. ಇಪ್ಪತ್ತೊಂಬತ್ತನೆಯ ಗೂಡಿನ ಮೂರು ಮೊಟ್ಟೆಗಳಲ್ಲಿ ಬೊಟ್ಟು ಕಂಡಿತು. ಭಾವ ವರ್ಕ್‌ಶಾಪಿನ ಬಾಗಿಲಲ್ಲಿ ಬಂದು ನಿಂತು, ಮೂರು ಬೆರಳು ಎತ್ತಿ ತೋರಿಸಿದರು.

ಆ ಮೂರು ಮೊಟ್ಟೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆವು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಭಾವ ಮರಿ ಬೇಗ ಬಾರದಿರಲಿ ಎಂದು ಬೇಡಿಕೊಂಡರು. ನಲವತ್ತಾರನೆಯ ದಿನ ಬೆಳಗಿನಿಂದ ಗೂಡಿನ ಪಕ್ಕ ಅಲ್ಲಾಡದೆ ಕೂತರು. ಏನೂ ಆಗಲಿಲ್ಲ. ಸಂಜೆ ಮನೆಗೆ ಬಂದು, “ತಡ ಆಗ್ತಿದೆ ಕಣೇ” ಎಂದು ಅಕ್ಕನಿಗೆ ಹೇಳಿ ನಕ್ಕರು. ಐವತ್ತೆರಡಾಯಿತು, ಐವತ್ತೆಂಟಾಯಿತು. ಐವತ್ತೆಂಟರವರೆಗೆ ಅವರ ಮುಖದಲ್ಲಿ ನಗು ಇತ್ತು. ಅರವತ್ತು ದಾಟಿದ ಮೇಲೆ ಯಾರೂ ದಿನದ ಸುದ್ದಿ ಎತ್ತಲಿಲ್ಲ. ಅರವತ್ತಾರನೆಯ ದಿನ ಡಾಕ್ಟ್ರಮ್ಮ ಗೂಡು ತೆಗೆದರು. ಎರಡು ಮೊಟ್ಟೆ ಮೊದಲ ವಾರಗಳಲ್ಲೇ ನಿಂತುಹೋಗಿದ್ದವು. ಮೂರನೆಯದರಲ್ಲಿ ಪೂರ್ತಿ ಬೆಳೆದ ಮರಿ, ಕಾಲು, ಚಿಪ್ಪು, ಮೂತಿಯ ಮೇಲೆ ಮೊಟ್ಟೆ ಒಡೆಯುವ ಪುಟ್ಟ ಮುಳ್ಳು, ಎಲ್ಲ ಇತ್ತು. ಜೀವ ಇರಲಿಲ್ಲ.

“ಗಂಡೋ ಹೆಣ್ಣೋ?” ಎಂದರು ಭಾವ.

“ಹೊರಗಿನಿಂದ ಗೊತ್ತಾಗಲ್ಲ ಸರ್. ಕೊಯ್ದು ಮೈಕ್ರೋಸ್ಕೋಪಲ್ಲಿ ನೋಡ್ಬೇಕು.”

“ನೋಡಿ” ಎಂದು ಎದ್ದು ಹೋದರು.

ಮರಿಯನ್ನು ಬಾಟಲಿಯಲ್ಲಿಟ್ಟುಕೊಂಡು ಆಕೆ ತಮ್ಮ ಲ್ಯಾಬಿಗೆ ಹೋದರು. ಇಪ್ಪತ್ತು ದಿನ ಭಾವ ತಟ್ಟೆಯ ಮುಂದೆ ಕೂತು ಎರಡು ತುತ್ತಿಗೆ ಏಳುತ್ತಿದ್ದರು. ಒಂದು ಸಲ ನನ್ನ ವರ್ಕ್‌ಶಾಪಿಗೆ ಬಂದು, ಬಿಚ್ಚಿಟ್ಟ ಎಂಜಿನ್ನಿನ ಪಕ್ಕದಲ್ಲಿ ಕೂತು ಹೇಳಿದರು: “ಹೆಣ್ಣಾಗಿದ್ರೆ ಹೋಗ್ಲಿ ಅಂದ್ಕೋಬೋದು, ಕಡಲ ತುಂಬಾ ಹೆಣ್ಣೇ ಇದಾವೆ. ಗಂಡಾಗಿದ್ರೆ ಏನ್ ಮಾಡ್ಲಯ್ಯ? ಇಷ್ಟು ವರ್ಷಕ್ಕೆ ಒಂದು ಬಂದಿತ್ತು, ಅದೂ ನನ್ನ ಅಂಗಳದಲ್ಲೇ ಸತ್ತಂಗಾಯ್ತಲ್ಲ.” ನಾನು ಸ್ಪ್ಯಾನರು ಒರೆಸುತ್ತಾ ಕೂತೆ.

ಡಾಕ್ಟ್ರಮ್ಮ ಫೋನ್ ಮಾಡಿದ್ದು ನನಗೆ. ಭಾವನಿಗೆ ನೇರ ಹೇಳಲು ಆಕೆಗೂ ಧೈರ್ಯ ಬಂದಿರಲಿಲ್ಲ. “ಗಂಡು” ಎಂದರು. “ಎರಡು ಸಲ ನೋಡ್ದೆ ಅಣ್ಣ. ಗಂಡೇ.” ಭಾವನಿಗೆ ನಾನೇ ಹೇಳುತ್ತೇನೆ, ನೀವು ಮಾತ್ರ ಇದನ್ನು ಅವರ ಹತ್ತಿರ ಎತ್ತಬೇಡಿ ಎಂದು ಮಾತು ತೆಗೆದುಕೊಂಡು ಫೋನಿಟ್ಟೆ.

ನಾನು ಹೋಗುವ ಹೊತ್ತಿಗೆ ಅಕ್ಕ ಊಟಕ್ಕೆ ಬಡಿಸಿದ್ದಳು. ನಾನೂ ಕೈ ತೊಳೆದು ಭಾವನ ಎದುರಿಗೆ ಕೂತೆ.

“ಡಾಕ್ಟ್ರಮ್ಮ ಫೋನ್ ಮಾಡಿದ್ರು” ಎಂದೆ.

ಭಾವ ಎತ್ತಿದ ತುತ್ತನ್ನು ತಟ್ಟೆಗೆ ವಾಪಸು ಇಟ್ಟರು.

“ಹೆಣ್ಣಂತೆ ಭಾವ.”

ಅವರು ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟರು. “ಸದ್ಯ” ಎಂದರು. “ಸದ್ಯ ಕಣಯ್ಯ. ಬದುಕಿದೆ ನಾನು.”

ಅಕ್ಕ ನನ್ನ ಮುಖವನ್ನೇ ನೋಡಿದಳು. ನಾನು ಸುಳ್ಳು ಹೇಳುವುದು ಅವಳಿಗೆ ಚಿಕ್ಕಂದಿನಿಂದಲೂ ಗೊತ್ತಾಗುತ್ತದೆ. ಏನೂ ಕೇಳದೆ ಸೌಟು ತೆಗೆದುಕೊಂಡು ಭಾವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಭಾವ ಬೇಡ ಎನ್ನದೆ ಹಾಕಿಸಿಕೊಂಡು, ಇನ್ನೊಂದು ಸಲ ಕೇಳಿ ಹಾಕಿಸಿಕೊಂಡು, ಹೊಟ್ಟೆ ತುಂಬ ಉಂಡು ಎದ್ದರು.